ಮೊದಲ ದಿನ, ಮೂರೇ ಕಿಲೋಮೀಟರ್

ಮೊದಲ ದಿನ ರಾತ್ರಿ ನಾವು ಟೆಂಟ್ ಹಾಕಬೇಕಿದ್ದದ್ದು ಹೊರಟ ಜಾಗದಿಂದ 14 ಕಿಲೋಮೀಟರ್ ಆಚೆ, ಬೆಟ್ಟದ ಮೇಲಿನ ಒಂದು ಕೆರೆಯ ದಂಡೆಯಲ್ಲಿ. ಹಾಕಿದ್ದು ಮೂರನೇ ಕಿಲೋಮೀಟರಿನಲ್ಲಿ, ತೊರೆಯ ಪಕ್ಕ. ಎಂಟು ಕಿಲೋಮೀಟರ್ ತನಕ ಹತ್ತಿ, ಅಲ್ಲಿಂದ ಐದು ಕಿಲೋಮೀಟರ್ ವಾಪಸ್ ಇಳಿದು ಬಂದಿದ್ದೆವು. ಅವತ್ತು ಏನಾಯ್ತು ಅನ್ನೋದನ್ನು ಬಿಡಿಸಿ ಬರೆಯಬೇಕು ಅಂತ ತುಂಬ ದಿನದಿಂದ ಮನಸ್ಸಿನಲ್ಲಿತ್ತು. ಯಾಕೆಂದರೆ ನನಗೆ ಬಿಸಿಲು ಬಡಿದಿದೆ ಅಂತ ಎಲ್ಲರಿಗಿಂತ ಕೊನೆಗೆ ಗೊತ್ತಾಗಿದ್ದು ನನಗೇ.

ಐದು ಹಗಲು, ನಾಲ್ಕು ರಾತ್ರಿಯ ಚಾರಣ ಅದು. ಜೊತೆಗಿದ್ದವಳು ದೊಡ್ಡಮ್ಮನ ಮಗಳು, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳು ವರ್ಷಗಳಿಂದ ಬೆಟ್ಟ ಸುತ್ತಿದವಳು. ನಾನೂ ಬೆಟ್ಟ ಹತ್ತಿದ್ದೆ. ಆದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ನಡಿಗೆ ಅವು. ಬೆನ್ನ ಮೇಲೆ ಸಣ್ಣದೊಂದು ಚೀಲ, ಅದರಲ್ಲಿ ನೀರು, ತಿನ್ನೋಕೆ ಏನಾದರೂ, ಅಷ್ಟೇ. ಟೆಂಟ್, ಹಾಸಿಗೆ, ಸ್ಟೌ ಎಲ್ಲ ಹೊತ್ತು ನಡೆಯೋದು ಅದೇ ಮೊದಲು.

ಹೊರಡುವ ಹಿಂದಿನ ವಾರ ತೂಕದ ಯಂತ್ರದ ಮೇಲೆ ಬ್ಯಾಗ್ ಸಮೇತ ನಿಂತು ನೋಡಿದೆ. ಬ್ಯಾಗ್ 14 ಕಿಲೋ. ನಾನು 58 ಕಿಲೋ. ಹೊರುವ ಭಾರ ನಮ್ಮ ತೂಕದ ಐದನೇ ಒಂದು ಪಾಲು ದಾಟದಿದ್ದರೆ ಒಳ್ಳೆಯದು ಅಂತ ಚಾರಣದವರು ಹೇಳುತ್ತಾರೆ. ಆ ಲೆಕ್ಕಕ್ಕೆ ನನಗೆ ಹನ್ನೊಂದೂವರೆ ಕಿಲೋ ಸಾಕಿತ್ತು. ಅಕ್ಕ ಫೋನಿನಲ್ಲಿ ಒಂದೊಂದೇ ವಸ್ತು ಕೇಳಿ, ಇದು ತೆಗಿ, ಅದು ತೆಗಿ ಅಂದಳು. ನಾನು ಒಂದು ಜೊತೆ ಬಟ್ಟೆ ಮಾತ್ರ ತೆಗೆದೆ. ಉಳಿದದ್ದೆಲ್ಲ ಬೇಕೇ ಬೇಕು ಅನ್ನಿಸಿತ್ತು.

ಲೆಕ್ಕ ನಾನೂ ಹಾಕಿದ್ದೆ. ಬೆಟ್ಟದ ದಾರಿಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡೋಕೆ ಒಂದು ಹಳೆಯ ಸೂತ್ರ ಇದೆ. ವಿಲಿಯಂ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟದ್ದು. ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ 14 ಕಿಲೋಮೀಟರ್, ಏರು 1,100 ಮೀಟರ್. ಸೂತ್ರದ ಪ್ರಕಾರ ನಾಲ್ಕೂಮುಕ್ಕಾಲು ಗಂಟೆಯೂ ಬೇಡ. ಊಟಕ್ಕೆ, ವಿಶ್ರಾಂತಿಗೆ ಅಂತ ಇನ್ನೆರಡು ಗಂಟೆ ಸೇರಿಸಿ ಸಮಾಧಾನವಾಗಿದ್ದೆ. ಆ ಸೂತ್ರ ಗಟ್ಟಿ ಕಾಲಿನ, ಹಗುರ ಬೆನ್ನಿನ ಮನುಷ್ಯನಿಗೆ ಹೇಳಿದ್ದು. ಅದರಲ್ಲಿ ಬ್ಯಾಗಿನ ಭಾರಕ್ಕೆ ಜಾಗ ಇಲ್ಲ, ಬಿಸಿಲಿಗಂತೂ ಇಲ್ಲವೇ ಇಲ್ಲ.

ಬಿಸಿಲಿಗೂ ನನ್ನ ಹತ್ತಿರ ಒಂದು ಲೆಕ್ಕ ಇತ್ತು. ಬೆಟ್ಟದ ಬುಡದಲ್ಲಿ ಅವತ್ತು 36 ಡಿಗ್ರಿ ಅಂತ ಹವಾಮಾನ ಮುನ್ಸೂಚನೆ. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತೆ ಅಂತ ಓದಿದ್ದೆ. ಹಾಗಾದರೆ ಹತ್ತುತ್ತಾ ಹತ್ತುತ್ತಾ ಹಾಯ್ ಅನ್ನಿಸುತ್ತೆ ಅಲ್ವಾ? ಆದರೆ ಮುನ್ಸೂಚನೆಯ 36 ಡಿಗ್ರಿ ನೆರಳಿನಲ್ಲಿ ಅಳೆಯುವ ಗಾಳಿಯ ಬಿಸಿ. ನಾವು ನಡೆಯಬೇಕಿದ್ದದ್ದು ಬಿಸಿಲಲ್ಲಿ, ಕಾದ ಬಂಡೆಯ ಮೇಲೆ. ಜೊತೆಗೆ ನಡೆಯುವ ಮೈಯೇ ಒಂದು ಒಲೆ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ನಮ್ಮನ್ನು ಮೇಲೆ ಹತ್ತಿಸುತ್ತೆ. ಮಿಕ್ಕದ್ದೆಲ್ಲ ಬರೀ ಶಾಖ. ಹದಿನಾಲ್ಕು ಕಿಲೋ ಹೊತ್ತು ಏರು ಹತ್ತುವಾಗ ಆ ಒಲೆ ಜೋರಾಗಿಯೇ ಉರಿಯುತ್ತೆ.

ಬೆಳಿಗ್ಗೆ ಆರಕ್ಕೆ ನಡಿಗೆ ಶುರು ಅಂತ ಮಾತಾಗಿತ್ತು. ನಮ್ಮನ್ನು ಬುಡಕ್ಕೆ ಬಿಡಬೇಕಿದ್ದ ಗಾಡಿ ಬರುವುದು ತಡವಾಗಿ, ಬ್ಯಾಗ್ ಬೆನ್ನಿಗೇರಿಸಿದಾಗ ಒಂಬತ್ತೂ ನಲವತ್ತು. ಅಕ್ಕ ಆಕಾಶ ನೋಡಿದಳು, ಗಡಿಯಾರ ನೋಡಿದಳು.

"ಇವತ್ತು ತೊರೆ ತನಕ ಹೋಗಿ ಅಲ್ಲೇ ಉಳಿಯೋಣವಾ? ನಾಳೆ ನಸುಕಿಗೇ ಹೊರಟರೆ ಆಯ್ತು."

"ಅಯ್ಯೋ ಬೇಡ ಅಕ್ಕಾ, ಮೂರು ಕಿಲೋಮೀಟರ್ ನಡೆಯೋಕೆ ಇಷ್ಟೆಲ್ಲ ತಯಾರಿ ಮಾಡ್ಕೊಂಡು ಬಂದ್ವಾ?"

ಅವಳು ಒತ್ತಾಯ ಮಾಡಲಿಲ್ಲ. ಆಮೇಲೆ ಒಂದು ದಿನ ನನ್ನ ಹತ್ತಿರ ಹೇಳಿಕೊಂಡಳು, ಅವತ್ತು ನಾನು ಹಟ ಮಾಡಬೇಕಿತ್ತು ಕಣೇ ಅಂತ. ನನಗೆ ಹಾಗನ್ನಿಸಲ್ಲ. ಬೇಡ ಅಂದವಳು ನಾನು.

ಮೊದಲ ಮೂರು ಕಿಲೋಮೀಟರ್ ಮರಗಳ ನಡುವಿನ ದಾರಿ. ನೆರಳಿತ್ತು, ಮಣ್ಣು ಮೆತ್ತಗಿತ್ತು. ಬ್ಯಾಗ್ ಭುಜ ಎಳೆಯುತ್ತಿದ್ದದ್ದು ನೋಡಿ ಅಕ್ಕ ನಿಲ್ಲಿಸಿ ಪಟ್ಟಿಗಳನ್ನು ಸರಿ ಮಾಡಿದಳು. ಮೊದಲು ಎಲ್ಲ ಪಟ್ಟಿ ಸಡಿಲ ಬಿಟ್ಟು, ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿದು, ಆಮೇಲೆ ಭುಜದ್ದು. ಭಾರದ ಹೆಚ್ಚು ಪಾಲು ಸೊಂಟಕ್ಕೆ ಬಂದು ಭುಜ ಹಗುರಾಯಿತು. ಇಷ್ಟು ಗೊತ್ತಿದ್ದರೆ ಅರ್ಧ ಚಾರಣ ಗೆದ್ದ ಹಾಗೆ ಅಂತ ನನಗೆ ಈಗಲೂ ಅನ್ನಿಸುತ್ತೆ.

ತೊರೆ ಮುಟ್ಟಿದಾಗ ಹತ್ತೂಮುಕ್ಕಾಲು. ಇಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವತ್ತಿನ ಮುಂದಿನ ಕಥೆಯೆಲ್ಲ ಈ ಹತ್ತು ನಿಮಿಷದಲ್ಲೇ ತೀರ್ಮಾನ ಆಗಿತ್ತು.

ಅಕ್ಕ ಬ್ಯಾಗ್ ಇಳಿಸಿ, ಫಿಲ್ಟರ್ ತೆಗೆದು, ತನ್ನ ಬಾಟಲಿಗಳನ್ನೆಲ್ಲ ತುಂಬಿಕೊಂಡಳು. ನಾಲ್ಕು ಲೀಟರ್. ಅದಕ್ಕೂ ಮೊದಲು ಅಲ್ಲೇ ಕೂತು ಅರ್ಧ ಲೀಟರ್ ಕುಡಿದಳು. ನನ್ನ ಹತ್ತಿರ ಆಗಲೇ ಎರಡು ಲೀಟರಿಗೆ ಸ್ವಲ್ಪ ಕಡಿಮೆ ಇತ್ತು. ತುಂಬಿಕೋ ಅಂದಳು. ನಾನು ನಕ್ಷೆ ತೋರಿಸಿದೆ. ಎಂಟನೇ ಕಿಲೋಮೀಟರಿನಲ್ಲಿ ಒರತೆ ಅಂತ ಗುರುತಿತ್ತು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಐದು ಕಿಲೋಮೀಟರಿಗೆ ಇನ್ನೆರಡು ಕಿಲೋ ಯಾಕೆ ಹೊರಬೇಕು ಅನ್ನೋದು ನನ್ನ ವಾದ.

ಇನ್ನೊಂದು ಕಾರಣ ಇತ್ತು. ಅದನ್ನು ಅವಳಿಗೂ ಹೇಳಲಿಲ್ಲ. ಮುಂದಿನ ದಾರಿ ಬೋಳು ಗುಡ್ಡ. ಒಂದು ಪೊದೆಯ ಮರೆಯೂ ಇಲ್ಲ. ಜಾಸ್ತಿ ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತೆ, ಎಲ್ಲಿಗೆ ಹೋಗೋದು ಅನ್ನುವ ಚಿಂತೆ. ಎಷ್ಟೋ ಹೆಣ್ಣುಮಕ್ಕಳು ಪ್ರಯಾಣ ಅಂದಕೂಡಲೇ ನೀರು ಕುಡಿಯೋದು ಕಡಿಮೆ ಮಾಡಿಬಿಡ್ತೀವಿ. ಬಸ್ಸಿನಲ್ಲಿ ಅದು ಹೇಗೋ ನಡೆದುಹೋಗುತ್ತೆ. ಬೇಸಿಗೆಯ ಬೆಟ್ಟದಲ್ಲಿ ನಡೆಯಲ್ಲ. ಇದನ್ನು ಬರೆಯೋಕೆ ನನಗೆ ನಾಚಿಕೆ ಇಲ್ಲ. ಯಾರಾದರೂ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಚೆನ್ನಾಗಿತ್ತು.

ತೊರೆ ದಾಟಿದ ಮೇಲೆ ಮರಗಳು ಮುಗಿದವು. ದಾರಿ ಹಾವಿನ ಹಾಗೆ ಅತ್ತ ಇತ್ತ ಸುತ್ತುತ್ತಾ ಗುಡ್ಡದ ಮೈ ಹತ್ತುತ್ತಿತ್ತು. ಒಣಗಿದ ಹುಲ್ಲು, ನಡುನಡುವೆ ಕರಿ ಬಂಡೆ. ಗಾಳಿ ಪೂರ್ತಿ ನಿಂತಿತ್ತು. ಒಂದು ತಿರುವಿನಲ್ಲಿ ಕೈ ಊರಿಕೊಳ್ಳೋಣ ಅಂತ ಬಂಡೆ ಮುಟ್ಟಿದೆ. ಕಾದ ಕಾವಲಿ ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬಂತು.

ಹನ್ನೊಂದೂವರೆ ತನಕ ಚೆನ್ನಾಗಿಯೇ ನಡೆದೆ. ಬೆವರು ಧಾರಾಕಾರ. ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ. ಬೆನ್ನಿನ ಕಡೆ ಶರ್ಟು, ಬ್ಯಾಗಿನ ಮೆತ್ತೆ ಎರಡೂ ಒಂದೇ ಒದ್ದೆ ಮುದ್ದೆ. ಬೆವರು ಸುರಿದರೆ ಮೈ ತಣ್ಣಗಾಗುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ತಣ್ಣಗಾಗುವುದು ಬೆವರು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆರಿಹೋದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಎಳೆದುಕೊಂಡು ಹೋಗುತ್ತೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ, ಬ್ಯಾಗಿಗೂ ಬೆನ್ನಿಗೂ ನಡುವೆ ಸಿಕ್ಕಿಕೊಂಡ ಬೆವರಿನಿಂದ ಆ ಉಪಕಾರ ಇಲ್ಲ. ನೀರು ಮಾತ್ರ ಮೈಯಿಂದ ಹೋಯಿತು, ನೀರಿನ ಜೊತೆ ಉಪ್ಪೂ ಹೋಯಿತು. ಟೋಪಿಯ ಅಂಚಿನಲ್ಲಿ ಬಿಳಿ ಗೆರೆ ಮೂಡಿತ್ತು. ಅದು ಉಪ್ಪು ಅಂತ ಆಮೇಲೆ ಅಕ್ಕ ತೋರಿಸಿದಳು.

ಹನ್ನೆರಡರ ಹೊತ್ತಿಗೆ ತಲೆ ಸಣ್ಣಗೆ ಸಿಡಿಯೋಕೆ ಶುರುವಾಯಿತು. ಬಿಸಿಲಿಗೆ ಅಂದುಕೊಂಡೆ. ಹಸಿವಾಗಬೇಕಿತ್ತು, ಆಗಲಿಲ್ಲ. ಅಕ್ಕ ತಿನ್ನೋಕೆ ಕೊಟ್ಟದ್ದನ್ನು ನೋಡಿದರೇ ಹೊಟ್ಟೆ ತೊಳಸಿತು. ಬೇಡ ಅಂದೆ. ಕಾಲು ಎತ್ತಿಡುವ ಜಾಗ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಕ್ಕ ಏನೋ ಕೇಳಿದಳು, ಸುಮ್ನೆ ನಡೀ ಅಕ್ಕಾ ಅಂದೆ. ಅವಳ ಜೊತೆ ನಾನು ಹಾಗೆ ಮಾತಾಡಿದ್ದೇ ಇಲ್ಲ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲಿಂದ ನನ್ನ ಮುಂದೆ ನಡೆಯೋದು ಬಿಟ್ಟು ಹಿಂದೆ ನಡೆಯತೊಡಗಿದಳು. ನನ್ನ ಹೆಜ್ಜೆ ನೋಡುತ್ತಿದ್ದಳು ಅಂತ ಆಗ ನನಗೆ ಗೊತ್ತಾಗಲಿಲ್ಲ.

ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ನಿಂತೆ. ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ. ಅದು ಬರಲಿಲ್ಲ. ಮತ್ತೆ ತಿರುಗಿಸಿದೆ. ಮುಚ್ಚಳವನ್ನೇ ನೋಡುತ್ತಾ ನಿಂತೆ. ಯಾವ ಕಡೆ ತಿರುಗಿಸಬೇಕು ಅನ್ನೋದು ಹೊಳೆಯುತ್ತಿಲ್ಲ. ನಾನು ಬಿಗಿ ಮಾಡುತ್ತಿದ್ದೆ. ಅಷ್ಟರಲ್ಲಿ ತೋಳಿನ ಮೇಲೆ ರೋಮವೆಲ್ಲ ನಿಂತಿತು. ಸುಡು ಬಿಸಿಲಿನಲ್ಲಿ ನನಗೆ ಚಳಿಯಾದ ಹಾಗೆ ಆಯಿತು.

"ಅಕ್ಕಾ, ಚಳಿ" ಅಂದೆ.

ಅವಳು ಒಂದು ಮಾತೂ ಆಡದೆ ನನ್ನ ಸೊಂಟದ ಬಕಲ್ ಬಿಚ್ಚಿ ಬ್ಯಾಗ್ ಕೆಳಗಿಳಿಸಿದಳು. ಎರಡು ತಿರುವು ಮೇಲೆ ಒಂದು ಬಂಡೆ ಮುಂದಕ್ಕೆ ಚಾಚಿಕೊಂಡು ಅಡಿಯಲ್ಲಿ ಇಬ್ಬರು ಕೂರುವಷ್ಟು ನೆರಳಿತ್ತು. ತೋಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಶೂ, ಸಾಕ್ಸ್ ಬಿಚ್ಚಿದಳು. ಕಾಲರ್ ಸಡಿಲ ಮಾಡಿದಳು. ಆಮೇಲೆ ಕೇಳಿದಳು.

"ಇವತ್ತು ಯಾವ ವಾರ ಹೇಳು."

"ಗುರುವಾರ."

"ನಾವು ಹೊರಟಿದ್ದು ಎಷ್ಟು ಗಂಟೆಗೆ?"

"ಒಂಬತ್ತೂ ನಲವತ್ತು."

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಟಲಿ ಎತ್ತಿ ನೋಡಿದಳು. ತೊರೆಯಿಂದ ಎರಡು ಗಂಟೆಯಲ್ಲಿ ನಾನು ಕುಡಿದದ್ದು ನಾಲ್ಕೈದು ಗುಟುಕು. ಒಂದು ಲೀಟರಿಗಿಂತ ಜಾಸ್ತಿ ಹಾಗೇ ಉಳಿದಿತ್ತು. ನೀರು ಹೊತ್ತುಕೊಂಡೇ ಒಣಗುತ್ತಿದ್ದೆ.

ಆ ಪ್ರಶ್ನೆಗಳು ಯಾಕೆ ಅಂತ ಸಂಜೆ ಹೇಳಿದಳು. ತಲೆನೋವು, ವಾಕರಿಕೆ, ತಲೆ ಸುತ್ತು, ಜೋರು ಬೆವರು, ನಡುಕ, ಇವೆಲ್ಲ ಬಿಸಿಲಿಗೆ ಮೈ ಸೋತ ಗುರುತು. ನೆರಳು, ನೀರು, ಉಪ್ಪು, ವಿಶ್ರಾಂತಿ ಸಿಕ್ಕರೆ ಸುಧಾರಿಸಿಕೊಳ್ಳಬಹುದು. ಆದರೆ ಮಾತು ತೊದಲಿದರೆ, ಯಾವ ದಿನ, ಯಾವ ಜಾಗ ಅನ್ನೋದು ಗೊತ್ತಾಗದಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರುತ್ತೆ. ಆಗ ಕಾಯುತ್ತಾ ಕೂರುವ ಹಾಗಿಲ್ಲ, ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದು ತಣ್ಣಗೆ ಮಾಡುತ್ತಲೇ ಸಹಾಯಕ್ಕೆ ಕರೆ ಮಾಡಬೇಕು. ಮುಚ್ಚಳ ತೆಗೆಯಲಾಗದೆ ನಿಂತ ನನ್ನನ್ನು ನೋಡಿ ಅವಳಿಗೆ ಆ ಭಯವೇ ಬಂದಿತ್ತು. ವಾರ ತಪ್ಪು ಹೇಳಿದ್ದರೆ ಅಲ್ಲಿಂದಲೇ ಫೋನ್ ಮಾಡುವವಳಿದ್ದಳು. ಕೈಯಲ್ಲಿ ಫೋನ್ ಹಿಡಿದೇ ಪ್ರಶ್ನೆ ಕೇಳಿದ್ದಳಂತೆ. ನಾನು ಅದನ್ನೂ ಗಮನಿಸಿರಲಿಲ್ಲ.

ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿದಳು. ಅಂಗಿಯ ಮೇಲೆ, ತೋಳಿನ ಮೇಲೆ ನೀರು ಚಿಮುಕಿಸಿ ನಕ್ಷೆಯಿಂದಲೇ ಗಾಳಿ ಹಾಕಿದಳು. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕಲಸಿದಳು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಸ್ವಲ್ಪ ಪೊಟ್ಯಾಶಿಯಂ, ಸಿಟ್ರೇಟ್. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಅಳತೆ ಅದು. ಗ್ಲೂಕೋಸ್ ಇರೋದು ರುಚಿಗಲ್ಲ. ಕರುಳು ಗ್ಲೂಕೋಸನ್ನು ಒಳಗೆಳೆದುಕೊಳ್ಳುವಾಗ ಉಪ್ಪೂ ಜೊತೆಗೆ ಹೋಗುತ್ತೆ, ಉಪ್ಪಿನ ಹಿಂದೆ ನೀರು. ನಾನು ಗಟಗಟ ಕುಡಿಯಲು ಹೋದೆ. ಬಾಟಲಿ ಕಿತ್ತುಕೊಂಡಳು.

"ನಿಧಾನ ಕಣೇ. ಒಂದು ಗುಟುಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಒಟ್ಟಿಗೆ ಕುಡಿದರೆ ವಾಂತಿ ಆಗುತ್ತೆ, ಇದ್ದ ನೀರೂ ಹೋಗುತ್ತೆ."

ಒಂದು ಗಂಟೆ ಹಾಗೇ ಕಳೆಯಿತು. ಎರಡನೇ ಗಂಟೆಯಲ್ಲಿ ತಲೆನೋವು ಇಳಿಯಿತು. ಸುತ್ತಲಿನ ಶಬ್ದ ಕಿವಿಗೆ ಬೀಳತೊಡಗಿತು. ಯಾವುದೋ ಹುಳ ಕಿರ್ ಅನ್ನುತ್ತಿತ್ತು. ಅದು ಬೆಳಿಗ್ಗೆಯಿಂದ ಕೂಗುತ್ತಲೇ ಇತ್ತಂತೆ. ನನಗೆ ಕೇಳಿಸಿದ್ದು ಆಗ.

ಒರತೆ ಅಲ್ಲಿಂದ ಇನ್ನೂರು ಹೆಜ್ಜೆ ಮೇಲೆ. ನಾನು ಕೂತಲ್ಲಿಂದಲೇ ಕಾಣುತ್ತಿತ್ತು. ಮೂರು ಗಂಟೆಗೆ ಅಕ್ಕ ಖಾಲಿ ಬಾಟಲಿ ಹಿಡಿದು ಹೋದಳು. ಹೋಗುವಾಗ ಎರಡು ಸಲ ತಿರುಗಿ ನನ್ನನ್ನು ನೋಡಿದಳು. ಅಲ್ಲಿ ಬಗ್ಗಿದಳು, ಕೈಯಿಂದ ಏನೋ ಕೆದಕಿದಳು, ಎದ್ದು ನಿಂತಳು. ಆ ನಿಂತ ರೀತಿಯಲ್ಲೇ ನನಗೆ ಗೊತ್ತಾಗಿಹೋಯಿತು. ಒರತೆ ಬತ್ತಿತ್ತು. ವಾಪಸ್ ಬಂದವಳ ಬೆರಳಲ್ಲಿ ಒದ್ದೆ ಮಣ್ಣು ಮಾತ್ರ ಇತ್ತು.

ನಕ್ಷೆ ಸುಳ್ಳು ಹೇಳಿರಲಿಲ್ಲ. ಒರತೆ ಇದ್ದದ್ದು ನಿಜ, ಮಳೆ ಬಿದ್ದ ಕಾಲದಲ್ಲಿ. ಬೇಸಿಗೆಯಲ್ಲಿ ನಕ್ಷೆಯ ನೀಲಿ ಚುಕ್ಕೆ ನಂಬಿ ಬಾಟಲಿ ಖಾಲಿ ಇಟ್ಟುಕೊಂಡು ಬರಬಾರದಿತ್ತು. ಮೈಮೇಲೆ ಹಾಕಿದ್ದು, ಕುಡಿದದ್ದು ಎಲ್ಲ ಕಳೆದು ಇಬ್ಬರ ಹತ್ತಿರವೂ ಸೇರಿ ಉಳಿದಿದ್ದ ನೀರು ಎರಡು ಲೀಟರ್. ಮುಂದೆ ಕೆರೆಗೆ ಆರು ಕಿಲೋಮೀಟರ್, 400 ಮೀಟರ್ ಏರು. ಹಿಂದೆ ತೊರೆಗೆ ಐದು ಕಿಲೋಮೀಟರ್, ಬರೀ ಇಳಿಜಾರು.

ಕೆರೆಗೇ ಹೋಗೋಣ, ಈಗ ಸರಿಯಾಗಿದ್ದೀನಿ ಅಂದೆ. ನಿಜವಾಗಿಯೂ ಸರಿಯಾಗಿದ್ದೀನಿ ಅಂತಲೇ ಅನ್ನಿಸಿತ್ತು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹನ್ನೆರಡೂವರೆಗೂ ಹಾಗೇ ಅಂದಿದ್ದೆ" ಅಂದಳು.

ಅಷ್ಟು ಸಾಕಾಯಿತು. ಕಣ್ಣಲ್ಲಿ ನೀರು ಬಂತು. ಹತ್ತಿದ ಒಂದೊಂದು ತಿರುವೂ ಕೆಳಗೆ ಕಾಣುತ್ತಿತ್ತು. ಅಷ್ಟು ಕಷ್ಟಪಟ್ಟು ಗಳಿಸಿದ ಎತ್ತರವನ್ನು ನಮ್ಮ ಕೈಯಾರೆ ಬಿಟ್ಟುಕೊಡುವುದು ಹತ್ತುವುದಕ್ಕಿಂತ ಕಷ್ಟ. ಅಕ್ಕ ಬೆನ್ನು ಸವರಿದಳು, ಏನೂ ಹೇಳಲಿಲ್ಲ. ನನ್ನ ಬ್ಯಾಗಿನಿಂದ ಟೆಂಟನ್ನು ತೆಗೆದು ತನ್ನ ಬ್ಯಾಗಿಗೆ ಕಟ್ಟಿಕೊಂಡಳು.

ನಾಲ್ಕೂವರೆ ತನಕ ನೆರಳಲ್ಲೇ ಇದ್ದೆವು. ಆ ಹೊತ್ತಿಗೆ ಪಕ್ಕದ ಏಣಿನ ನೆರಳು ದಾರಿಯ ಮೇಲೆ ಬಿದ್ದಿತ್ತು. ಇಳಿಯುವಾಗ ಮೊಣಕಾಲು ನೊಂದವು. ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೆಳಿಗ್ಗೆ ಅಲ್ಲಿ ಉರಿ ಶುರುವಾದಾಗಲೇ ನಿಂತು ಟೇಪ್ ಅಂಟಿಸಿದ್ದರೆ ಏಳುತ್ತಿರಲಿಲ್ಲ. ಪ್ರತಿ ಅರ್ಧ ಗಂಟೆಗೆ ಅಕ್ಕ ನಿಲ್ಲಿಸಿ ಕುಡಿಸುತ್ತಿದ್ದಳು. ಬಾಯಾರಿದೆಯಾ ಅಂತ ಕೇಳಲಿಲ್ಲ. ಕುಡಿ ಅಂದಳು, ಕುಡಿದೆ.

ತೊರೆಯ ಸದ್ದು ಕೇಳಿಸಿದಾಗ ಆರೂವರೆ. ಬ್ಯಾಗ್ ಬಿಸಾಕಿ ಮೊಣಕಾಲ ತನಕ ನೀರಿಗಿಳಿದೆ. ಮುಖಕ್ಕೆ, ತಲೆಗೆ, ಕುತ್ತಿಗೆಗೆ ಬೊಗಸೆ ಬೊಗಸೆ ಹಾಕಿಕೊಂಡೆ. ಕಾಲ ಬೆರಳ ನಡುವೆ ಸಣ್ಣ ಮೀನು ಓಡಾಡಿತು. ಕತ್ತಲಾಗುವ ಮೊದಲು ನೀರಿನಿಂದ 60 ಮೀಟರ್ ದೂರ ಹೋಗಿ, ಮರಗಳ ನಡುವೆ ಟೆಂಟ್ ಹಾಕಿದೆವು.

ಆ ದಿನ ಬೆಳಿಗ್ಗೆ ಗಾಡಿ ಹತ್ತುವ ಮೊದಲು ಮೂತ್ರಕ್ಕೆ ಹೋಗಿದ್ದು. ಆಮೇಲೆ ಹೋಗಿದ್ದು ಸಂಜೆ ಏಳಕ್ಕೆ. ಸ್ವಲ್ಪವೇ, ಕಡು ಹಳದಿ, ಕಂದು ಅಂದರೂ ಸರಿ. ಅಕ್ಕನಿಗೆ ಹೇಳಿದೆ. ಇನ್ನೊಂದು ಲೀಟರ್ ಓಆರ್‌ಎಸ್ ಕಲಸಿ ಕೈಗೆ ಕೊಟ್ಟಳು. "ತಿಳಿ ಹಳದಿ ಬರೋ ತನಕ ಮಲಗೋ ಹಾಗಿಲ್ಲ" ಅಂದಳು. ಬೋಳು ಗುಡ್ಡದಲ್ಲಿ ಎಲ್ಲಿಗೆ ಹೋಗೋದು ಅನ್ನುವ ಚಿಂತೆಗೇ ನೀರು ಕುಡಿಯಲಿಲ್ಲ ಅಂತ ಆಗ ಅವಳಿಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. "ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ" ಅಂದಳು. ಆಮೇಲೆ ತನ್ನ ಬ್ಯಾಗಿನಿಂದ ಒಂದು ದೊಡ್ಡ ದುಪಟ್ಟಾ ತೆಗೆದು ತೋರಿಸಿದಳು. ಬೋಳು ಜಾಗದಲ್ಲಿ ಒಬ್ಬರು ಹಿಡಿದು ನಿಂತರೆ ಇನ್ನೊಬ್ಬರಿಗೆ ಗೋಡೆ. ಅದಕ್ಕಂತಲೇ ತಂದಿದ್ದಳು.

ಮಲಗುವ ಮೊದಲು ನಾಳೆಯ ಲೆಕ್ಕ ಹಾಕಿದೆವು. ನಾಲ್ಕಕ್ಕೆ ಏಳೋದು, ನಾಲ್ಕೂವರೆಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಡೋದು. ತಲಾ ನಾಲ್ಕು ಲೀಟರ್ ನೀರು. ಬಿಸಿಲೇರುವ ಮೊದಲು ಬೋಳು ಗುಡ್ಡ ಮುಗಿಸಿರಬೇಕು. ಮೈ ಬಿಸಿಲಿಗೆ ಪೂರ್ತಿ ಒಗ್ಗೋಕೆ ಒಂದೆರಡು ವಾರ ಬೇಕಂತೆ. ನಮ್ಮ ಹತ್ತಿರ ಇದ್ದದ್ದು ಐದು ದಿನ. ಹಾಗಾಗಿ ಕೊನೆಯ ರಾತ್ರಿಯ ಜಾಗವನ್ನು ನಕ್ಷೆಯಿಂದ ಅಳಿಸಿದೆವು. ಕೆರೆಯ ತನಕ ಹೋಗಿ ವಾಪಸ್ ಬರೋದು ಅಂತ ತೀರ್ಮಾನ ಆಯಿತು. ನನಗೆ ಆಗ ಬೇಜಾರಾಗಲಿಲ್ಲ.

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಟೆಂಟಿನ ಜಿಪ್ ಎಳೆಯುವ ಸದ್ದಿಗೆ ಅಕ್ಕ ಮಗ್ಗುಲಾದಳು.

"ಎಲ್ಲಿಗೆ?"

"ಮೂತ್ರಕ್ಕೆ ಬಂದಿದೆ ಅಕ್ಕಾ."

"ಬಂತಾ? ಸದ್ಯ" ಅಂದಳು, ಮತ್ತೆ ನಿದ್ದೆ ಹೋದಳು.